ಚೀಲವೋ, ಹೊಸ ಮೂತ್ರಕೋಶವೋ?

ಮಂಡ್ಯದ ಗೆಳೆಯರೊಬ್ಬರ ತಂದೆಗೆ ಸ್ಕ್ವಾಮಸ್ (ಚಪ್ಪಟೆ ಜೀವಕೋಶದ) ಬಗೆಯ ಮೂತ್ರಕೋಶ ಕ್ಯಾನ್ಸರ್. ಮೂತ್ರಕೋಶ ತೆಗೆದ ಮೇಲೆ ಹೊಟ್ಟೆಯ ಹೊರಗೆ ಅಂಟಿಸುವ ಮೂತ್ರದ ಚೀಲವೋ, ಕರುಳಿನಿಂದ ಹೊಲಿದ ಹೊಸ ಕೋಶವೋ ಎಂದು ಗೆಳೆಯರು ಕೇಳಿದ್ದಾರೆ. ಈ ಅಪರೂಪದ ಬಗೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಸಣ್ಣ ಜೀವಕೋಶದ (ಸ್ಮಾಲ್ ಸೆಲ್) ಬಗೆಯಾಗಿದ್ದರೆ ಕೀಮೋ ಮೊದಲು ಬರುತ್ತಿತ್ತು. ಆಯಸ್ಸನ್ನು ಹೆಚ್ಚಾಗಿ ನಿರ್ಧರಿಸುವುದು ರೋಗ ಇಳಿದಿರುವ ಆಳ, ಚೀಲವಲ್ಲ.

ಚೀಲದ ಶಸ್ತ್ರಚಿಕಿತ್ಸೆ ಸರಳ, ಖರ್ಚು ಮಾತ್ರ ಜೀವನಪೂರ್ತಿ. ಕಬ್ಬಿನ ಗದ್ದೆಯ ಬೆವರಿಗೆ ಅಂಟು ಬಿಡುವುದೂ ಉಂಟು.

ಹೊಸ ಕೋಶ ಹೊರಗೆ ಕಾಣದು, ಆದರೆ ಶಿಸ್ತು ಕೇಳುತ್ತದೆ: 3-4 ಗಂಟೆಗೊಮ್ಮೆ, ರಾತ್ರಿಯೂ ಅಲಾರಂ ಇಟ್ಟು ಎದ್ದು ಖಾಲಿ ಮಾಡಬೇಕು, ಕೆಲವರಿಗೆ ಮೂತ್ರ ಹೊರತೆಗೆಯುವ ಕೊಳವೆ (ಕ್ಯಾತಿಟರ್) ಬೇಕಾಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ, ಮೂತ್ರ ಹೊರಬರುವ ನಾಳಕ್ಕೆ ಗೆಡ್ಡೆ ಹಬ್ಬಿದ್ದರೆ ಈ ದಾರಿ ಸಾಮಾನ್ಯವಾಗಿ ಮುಚ್ಚಿದಂತೆಯೇ.

ಕೈ ನಡುಗುವ 75ರ ಹಿರಿಯರಿಗೆ ನಾನು ಚೀಲವನ್ನೇ ಹೇಳುತ್ತೇನೆ; ಮೈಸೂರಿಗೆ ತಪ್ಪದೆ ತಪಾಸಣೆಗೆ ಹೋಗಬಲ್ಲ, ಗಟ್ಟಿಮುಟ್ಟಾದ 50ರವರಿಗೆ ಹೊಸ ಕೋಶ.