ಸಾಲ ತೀರಿಸಲು ತಿಂಗಳ ಗುರಿಯೋ, ದಿನದ ಗುರಿಯೋ? ಬಂದರಿನ ಚಹಾ ಅಂಗಡಿಯ ಲೆಕ್ಕ

ದಿನಕ್ಕೆ 250 ರೂಪಾಯಿ. ಒಂದೂವರೆ ವರ್ಷದಲ್ಲಿ ಹಾಕಿಕೊಂಡ ನಾಲ್ಕು ಗುರಿಗಳಲ್ಲಿ ಕೊನೆ ಮುಟ್ಟಿದ್ದು ಇದೊಂದೇ. ಹಾಗಾಗಿ ಉಳಿದ ಮೂರರ ಬಗ್ಗೆ ನನ್ನಿಂದ ನ್ಯಾಯವಾದ ಮಾತು ನಿರೀಕ್ಷಿಸಬೇಡಿ.

ಕಾರವಾರದ ಬೈತಖೋಲ ಬಂದರಿನ ಹತ್ತಿರ ನಮ್ಮದೊಂದು ಸಣ್ಣ ಕ್ಯಾಂಟೀನು. ಚಹಾ, ಬನ್ಸು, ಭಾಜಿ, ಬೆಳಿಗ್ಗೆ ಅವಲಕ್ಕಿ. ಬೇಸಿಗೆಗೆ ಐಸ್‌ಕ್ರೀಮ್ ಮಾರೋಣ ಅಂತ ನಮ್ಮವರು ಕಂತಿನ ಮೇಲೆ ಡೀಪ್ ಫ್ರೀಜರ್ ತಂದರು. ಐಸ್‌ಕ್ರೀಮ್ ಹೋಗಲಿಲ್ಲ, ಕರೆಂಟ್ ಬಿಲ್ ಮಾತ್ರ ತಪ್ಪದೆ ಬಂತು. ಕಂತು ಮುಗಿಯುವ ಮೊದಲೇ ಉಪ್ಪುಗಾಳಿಗೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯಿತು. ಈಗ ಅದರೊಳಗೆ ಮೈದಾ ಚೀಲ ಇಡುತ್ತೇವೆ, ಇಲಿ ಬರುವುದಿಲ್ಲ.

ಚವತಿ ಮುಗಿದ ಮೇಲೆ ಕೂತು ಪಟ್ಟಿ ಬರೆದೆ. ಫ್ರೀಜರ್ ಕಂತು 18,000, ಕ್ರೆಡಿಟ್ ಕಾರ್ಡ್ 42,000, ಬಳೆ ಇಟ್ಟು ತಂದಿದ್ದು 90,000, ಕಿರಾಣಿ ಅಂಗಡಿಯ ಉದ್ರಿ 11,500, ಅಣ್ಣನ ಹತ್ತಿರ ಕೈಗಡ 25,000. ಒಟ್ಟು 1,86,500. ಇದರಲ್ಲಿ ಫ್ರೀಜರ್ ಕಂತು ತಾನಾಗಿ ಖಾತೆಯಿಂದ ಕಟ್ ಆಗುತ್ತಿತ್ತು, ಅದಕ್ಕೆ ಗುರಿ ಬೇಕಿರಲಿಲ್ಲ.

ಮೊದಲ ಗುರಿ: ಬರುವ ಚವತಿಯೊಳಗೆ ಎಲ್ಲ ಸಾಲ ತೀರಬೇಕು. ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಲ್ಲಿ ಬರೆದಿದ್ದೆ. ದೀಪಾವಳಿ ಬಂದರೂ ಒಂದು ರೂಪಾಯಿ ಹೆಚ್ಚು ಕಟ್ಟಿರಲಿಲ್ಲ.

ಎರಡನೆಯದು, ಸಣ್ಣ ಸಾಲ ಮೊದಲು. ಎರಡು ತಿಂಗಳಲ್ಲಿ ಉದ್ರಿ ಚುಕ್ತಾ ಆಯಿತು. ಮನಸ್ಸು ಹಗುರವಾಗಿದ್ದು ನಿಜ, ಆ ಅಂಗಡಿಯ ಮುಂದೆ ತಲೆ ಎತ್ತಿ ನಡೆದೆ. ಆದರೆ ಹಳೆ ಲೆಕ್ಕಕ್ಕೆ ಗೀಟು ಎಳೆದ ಕೈಯಲ್ಲೇ ಅಂಗಡಿಯವರು, "ಸಕ್ಕರೆ ಒಯ್ಯಿರಿ ಅಕ್ಕ, ಹೊಸ ಪುಟ ತೆಗೆದರಾಯ್ತು" ಅಂದರು. ಒಯ್ದೆ. ಅತ್ತ ಕಾರ್ಡಿಗೆ ಮಿನಿಮಮ್ ಮಾತ್ರ ಕಟ್ಟುತ್ತಿದ್ದೆ, 2,100. ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 1,470, ಅದರ ಮೇಲೆ ಶೇ 18 ಜಿಎಸ್‌ಟಿ 265. ಅಸಲಿಗೆ ಹೋಗಿದ್ದು ಬರೀ 365 ರೂಪಾಯಿ!

ಇದು ಗೊತ್ತಾದ ಮೇಲೆ ಮೂರನೆಯದಕ್ಕೆ ಬಂದೆ: ಬಡ್ಡಿ ಹೆಚ್ಚಿದ್ದು ಮೊದಲು, ಪ್ರತಿ ತಿಂಗಳು 10ನೇ ತಾರೀಕಿಗೆ ಕಾರ್ಡಿಗೆ 6,000. ಕಾಗದದ ಮೇಲೆ ಇದಕ್ಕಿಂತ ಸರಿಯಾದ ದಾರಿ ಇಲ್ಲ. ಜನವರಿಯಿಂದ ಮೇವರೆಗೆ ಒಂದು ತಿಂಗಳೂ ತಪ್ಪಲಿಲ್ಲ, ಬಾಕಿ 19,000ಕ್ಕೆ ಇಳಿಯಿತು.

ಆಮೇಲೆ ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಡಿಶಾ, ಜಾರ್ಖಂಡ್ ಕಡೆಯ ಖಲಾಸಿಗಳು ಊರಿಗೆ ಹೋಗುತ್ತಾರೆ. ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಬಲೆ ಹೆಣೆಯುವ ನಾಲ್ಕಾರು ಜನ ಬಂದು ಕಟಿಂಗ್ ಚಹಾ ಕುಡಿದು ಹೋಗುತ್ತಾರೆ. ಮೇನಲ್ಲಿ ದಿನಕ್ಕೆ ಮೂರು ಕ್ಯಾನು ಹಾಲು ತರಿಸುತ್ತಿದ್ದವಳು ಅರ್ಧ ಕ್ಯಾನಿಗೆ ಬಂದೆ. ಇದೇನು ಹೊಸದಲ್ಲ, ಪ್ರತಿ ವರ್ಷದ್ದೇ. ಆದರೂ ಗುರಿ ಹಾಕುವಾಗ ನೌಕರಿಯವರ ಹಾಗೆ ಹನ್ನೆರಡು ತಿಂಗಳಿಗೂ ಒಂದೇ ಮೊತ್ತ ಬರೆದಿದ್ದೆ. 10ನೇ ತಾರೀಕು ಬಂದಾಗ ಕೈಯಲ್ಲಿದ್ದಿದ್ದು 2,000. ಒಮ್ಮೆ ತಪ್ಪಿದ ಮೇಲೆ, "ಎರಡು ತಿಂಗಳು ಬಿಡು ಮಾರಾಯ್ತಿ, ಬೋಟು ಇಳಿಯಲಿ" ಅಂದರು ನಮ್ಮವರು. ನನಗೂ ಅದೇ ಬೇಕಿತ್ತು.

ಬಿಟ್ಟಿದ್ದಷ್ಟೇ ಆಗಿದ್ದರೆ ಅಡ್ಡಿ ಇರಲಿಲ್ಲ. ಗ್ಯಾಸಿಗೆ, ಎಣ್ಣೆಗೆ ಅದೇ ಕಾರ್ಡ್ ಉಜ್ಜಿದೆ. ಹಳೆ ಬಾಕಿ ಇದ್ದಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ ಅಂತ ಬಿಲ್ಲು ನೋಡಿ ತಿಳಿಯಿತು. ಆಗಸ್ಟಿಗೆ ಬಾಕಿ 31,000. ಐದು ತಿಂಗಳ ದುಡಿಮೆಯಲ್ಲಿ ಅರ್ಧ ನೀರಿಗೆ ಹೋಯಿತು.

ನಾಲ್ಕನೆಯದು ಹುಟ್ಟಿದ್ದು ಪಿಗ್ಮಿ ಮಾಮನಿಂದ. ಈ ಪಿಗ್ಮಿ ನಮ್ಮ ಕರಾವಳಿಯದ್ದೇ ಕೂಸು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವುದರಿಂದ ಶುರು ಮಾಡಿದ್ದು. ನಮ್ಮಲ್ಲಿಗೆ ಒಂದು ಸೊಸೈಟಿಯ ಮಾಮ ಸಂಜೆ ನಾಲ್ಕಕ್ಕೆ ಬರುತ್ತಾರೆ. "ಇವತ್ತೆಷ್ಟು?" ಅಷ್ಟೇ ಕೇಳುವುದು. ಗಲ್ಲಾದಲ್ಲಿ ದುಡ್ಡಿರುವ ಹೊತ್ತು, ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಎರಡು ವಾರ 250ರಂತೆ ಕೊಟ್ಟೆ. ಆಮೇಲೆ ತಲೆಗೆ ಹೊಳೆಯಿತು: ವರ್ಷಕ್ಕೆ ಶೇ 42ರ ಕಾರ್ಡ್ ಸಾಲ ಹಾಗೇ ಇಟ್ಟು, ಅದರ ಹತ್ತನೇ ಒಂದು ಭಾಗವೂ ಬಡ್ಡಿ ಬಾರದ ಕಡೆ ಕೂಡಿಡುತ್ತಿದ್ದೇನೆ. ವರ್ಷ ತುಂಬುವ ಮೊದಲು ತೆಗೆದರೆ ಕಡಿತ ಬೇರೆ.

ಪಿಗ್ಮಿಯನ್ನು 50ಕ್ಕೆ ಇಳಿಸಿ, ಮಾಮ ಹೋದ ಕೂಡಲೇ ಫೋನಿನಿಂದ ಕಾರ್ಡಿಗೇ 250 ಹಾಕತೊಡಗಿದೆ. ಬಿಲ್ಲಿನ ದಿನಕ್ಕೆ ಕಾಯಬೇಕಿಲ್ಲ, ಯಾವ ದಿನ ಎಷ್ಟು ಬೇಕಾದರೂ ಕಟ್ಟಬಹುದು. ಬಡ್ಡಿಯೂ ದಿನದ ಬಾಕಿಯ ಮೇಲೆ ಬೀಳುವುದರಿಂದ ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಗೆದ್ದಿದ್ದು ಬಡ್ಡಿಯ ಲೆಕ್ಕದಿಂದಲ್ಲ. ಒಂದು ದಿನ ತಪ್ಪಿದರೆ ತಪ್ಪಿದ್ದು 250 ಮಾತ್ರ, ಮರುದಿನ ಗುರಿ ಮತ್ತೆ ಹೊಸದು. ತಿಂಗಳಿಗೆ 6,000 ಹೊಂದಿಸಲು ಒದ್ದಾಡಿದ ಅದೇ ಗಲ್ಲಾದಿಂದ 7,000 ದಾಟಿ ಹೋಗುತ್ತಿತ್ತು. ಸಂಕ್ರಾಂತಿಗೆ ಕಾರ್ಡ್ ಮುಗಿಯಿತು. ಮುಂದಿನ ತಿಂಗಳು ಮತ್ತೆ 164 ರೂಪಾಯಿ ಬಂದು ಎದೆ ಧಸಕ್ಕೆಂದಿತು. ಅದು ಬಿಲ್ ಆದ ದಿನದಿಂದ ಪೂರ್ತಿ ಕಟ್ಟಿದ ದಿನದವರೆಗಿನ ಬಡ್ಡಿಯಂತೆ.

ನೌಕರಿಯವರಿಗೆ, ಪಗಾರ ಒಂದೇ ಸಲ ಬರುವವರಿಗೆ ಮೂರನೆಯದೇ ಸರಿ. ನನ್ನ ಹಾಗೆ ದಿನದ ಗಲ್ಲಾ ನಂಬಿದವರಿಗೆ ಅದು ಒಗ್ಗುವುದಿಲ್ಲ.

ಈಗ 250 ಯಾವುದಕ್ಕೆ? ಲೆಕ್ಕದ ಪ್ರಕಾರ ಬಳೆಗೆ, ಅದಕ್ಕೆ ವರ್ಷಕ್ಕೆ ಶೇ 10 ಬಡ್ಡಿ. ಅಣ್ಣನ ಕೈಗಡಕ್ಕೆ ಬಡ್ಡಿಯೇ ಇಲ್ಲ, ಅವನು ಕೇಳಿದ್ದೂ ಇಲ್ಲ. ಅತ್ತಿಗೆ ಮಾತ್ರ ಹೋದ ಸಲ ಊಟಕ್ಕೆ ಬಡಿಸುತ್ತಾ, "ಅಂಗಡಿ ಚಲೋ ನಡೀತಿದೆಯಂತೆ?" ಅಂದರು. ಅಣ್ಣನದ್ದೇ ಮೊದಲು.

ಪಿಗ್ಮಿಯ 50 ನಿಂತಿಲ್ಲ. ಆದರೆ ಅದು ತುಂಬುವುದು ಆಗಸ್ಟಿಗೆ, ನನಗೆ ದುಡ್ಡು ಬೇಕಾಗುವುದು ಜೂನ್‌ಗೆ. ಮುಂದಿನ ಖಾತೆಯನ್ನು ಮೇ ಕೊನೆಗೆ ತುಂಬುವ ಹಾಗೆ ತೆಗೆಸಬೇಕು, ಮಾಮನಿಗೆ ಹೇಳಿಟ್ಟಿದ್ದೇನೆ.