ಐಇಎಲ್‌ಟಿಎಸ್ ಸ್ಪೀಕಿಂಗ್, ಒಇಟಿ ಸ್ಪೀಕಿಂಗ್: ನರ್ಸ್‌ಗಳಿಗೆ ಯಾವುದು ಒಳ್ಳೆಯದು?

ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಬ್ರಿಟನ್‌ಗೆ ಹೋಗಬೇಕು ಅನ್ನುವವರಿಗೆ ವರ್ಷಗಳಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಇಂಗ್ಲಿಷಿನ ಎರಡು ಪರೀಕ್ಷೆಗಳನ್ನು ಒಪ್ಪುತ್ತದೆ: ಯಾವ ಕ್ಷೇತ್ರದವರೂ ಬರೆಯಬಹುದಾದ ಐಇಎಲ್‌ಟಿಎಸ್, ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ. ಸ್ಪೀಕಿಂಗ್‌ನಲ್ಲಿ ಐಇಎಲ್‌ಟಿಎಸ್ ಆದರೆ 9ಕ್ಕೆ 7 ಬೇಕು, ಒಇಟಿ ಆದರೆ ಬಿ ಗ್ರೇಡ್, ಅಂದರೆ 500ಕ್ಕೆ 350. ಯಾವುದು ಬರೆಯಲಿ ಮೇಡಂ ಅಂತ ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. ನಾನು ಹೇಳುವುದು ಒಇಟಿ.

ಐಇಎಲ್‌ಟಿಎಸ್ ಕೆಟ್ಟ ಪರೀಕ್ಷೆ ಅಲ್ಲ. 11ರಿಂದ 14 ನಿಮಿಷ ಒಬ್ಬ ಮನುಷ್ಯರ ಜೊತೆಗೇ ಮಾತಾಡುತ್ತೀರಿ, ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ತರಹ ಕಂಪ್ಯೂಟರ್ ಮುಂದೆ ಅಲ್ಲ. ನಿರರ್ಗಳತೆ, ಪದಗಳು, ವ್ಯಾಕರಣ, ಉಚ್ಚಾರಣೆ, ನಾಲ್ಕಕ್ಕೂ ಸಮ ತೂಕ. ನಮ್ಮ ಕರಾವಳಿ ಧಾಟಿಯಲ್ಲಿ ಮಾತಾಡಿದರೂ ಸ್ಪಷ್ಟವಾಗಿ ಅರ್ಥವಾದರೆ ಸಾಕು, ಬ್ರಿಟಿಷರ ಹಾಗೆ ನಾಲಿಗೆ ತಿರುಚುವ ಅಗತ್ಯ ಇಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಆದರೆ ಅಲ್ಲಿ ಕೇಳುವವರು ಪರೀಕ್ಷಕರು, ಉತ್ತರ ಕೊಡುವವರು ನೀವು, ಅಷ್ಟೇ. ಎರಡನೇ ಭಾಗದಲ್ಲಿ ಕಾರ್ಡ್ ನೋಡಿ ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ವಾರ್ಡಿನಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಕೆಲವು ಕೋಚಿಂಗ್ ಸೆಂಟರ್‌ಗಳು ಇದಕ್ಕೆಂದೇ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತವೆ. ಅಲ್ಲಿಂದ ಬಂದ ಹುಡುಗಿಯರಿಗೆ ನಡುವೆ ಒಂದು ಪ್ರಶ್ನೆ ಕೇಳಿದರೆ ಸಾಕು, ಮಾತು ನಿಂತೇ ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಅವರ ದುಡ್ಡೂ ಹೋಯಿತು, ಧೈರ್ಯವೂ ಹೋಯಿತು.

ಒಇಟಿಯಲ್ಲಿ ಎರಡು ರೋಲ್ ಪ್ಲೇ. ಒಂದೊಂದಕ್ಕೂ ತಯಾರಿಗೆ 3 ನಿಮಿಷ, ಮಾತಿಗೆ ಸುಮಾರು 5 ನಿಮಿಷ. ಎದುರಿನವರು ರೋಗಿಯೋ, ರೋಗಿಯ ಕಡೆಯವರೋ ಆಗಿ ಮಾತಾಡುತ್ತಾರೆ. ಅವರು ಅಂಕ ಹಾಕುವುದಿಲ್ಲ, ರೆಕಾರ್ಡಿಂಗ್ ಕೇಳಿ ಬೇರೆಯವರು ಹಾಕುತ್ತಾರೆ. ಭಾಷೆಯ ಜೊತೆಗೆ ರೋಗಿಯ ಮನಸ್ಸಿನಲ್ಲಿ ಏನಿದೆ ಅಂತ ತಿಳಿದುಕೊಂಡಿರಾ, ಸರಿಯಾಗಿ ವಿಚಾರಿಸಿದಿರಾ, ಹೇಳಿದ್ದು ಅವರಿಗೆ ಅರ್ಥವಾಯಿತಾ ಅಂತ ನೋಡಿಕೊಂಡಿರಾ, ಇದಕ್ಕೆಲ್ಲ ಅಂಕ ಇದೆ.

ನಮ್ಮ ಮಕ್ಕಳು ಎಡವುವುದು ಇಲ್ಲೇ. ಇನ್ಸುಲಿನ್ ಚುಚ್ಚಿಕೊಳ್ಳಲು ಹೆದರುವ ಅಜ್ಜ ಅಂತ ನಾನು ಕೂತರೆ, ಡೋಸ್, ಸಮಯ, ಊಟ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರುವುದಿಲ್ಲ. ಆದರೆ ಯಾಕೆ ಭಯ ಅಂತ ಅಜ್ಜನನ್ನು ಯಾರೂ ಕೇಳಲೇ ಇಲ್ಲ, ಅಲ್ವಾ? ಕೇಳಿದ್ದರೆ ಸೂಜಿಯ ನೋವಿನ ಭಯವೋ, ಒಮ್ಮೆ ಶುರು ಮಾಡಿದರೆ ಬಿಡಲು ಆಗಲ್ಲ ಅನ್ನುವ ಭಯವೋ ಗೊತ್ತಾಗುತ್ತಿತ್ತು. ಹೀಗೆ ತಿದ್ದಿಕೊಂಡವರು ಪರೀಕ್ಷೆಗಷ್ಟೇ ಅಲ್ಲ, ಇಲ್ಲಿಯ ಆಸ್ಪತ್ರೆಯಲ್ಲೂ ಬೇರೆ ತರಹ ಮಾತಾಡಲು ಶುರು ಮಾಡುತ್ತಾರೆ.

ಒಇಟಿಗೆ ಕೊರತೆಗಳಿಲ್ಲ ಅಂತಲ್ಲ. ಫೀಸ್ ಐಇಎಲ್‌ಟಿಎಸ್‌ಗಿಂತ ಜಾಸ್ತಿ, ಸಾಲ ಮಾಡಿ ಕಟ್ಟುವ ಮನೆಗಳಿಗೆ ಅದು ದೊಡ್ಡ ಹೊರೆ. ಆರೋಗ್ಯ ಕ್ಷೇತ್ರ ಬಿಟ್ಟು ಬೇರೆ ಕಡೆ ಹೋಗುವವರಿಗೆ ಇದು ಉಪಯೋಗವಿಲ್ಲ, ಅವರು ಸುಮ್ನೆ ಐಇಎಲ್‌ಟಿಎಸ್ ಬರೆಯಲಿ. ನರ್ಸ್ ಕೆಲಸಕ್ಕೇ ಹೋಗುವವರು ಫೀಸ್ ಕಟ್ಟುವ ಮುಂಚೆ ಗೆಳತಿಯನ್ನು ರೋಗಿಯಾಗಿ ಕೂರಿಸಿಕೊಂಡು ಐದು ನಿಮಿಷ ಮಾತಾಡಿ ನೋಡಿ. ಅದರಲ್ಲಿ ನೀವು ಎಷ್ಟು ಪ್ರಶ್ನೆ ಕೇಳಿದಿರಿ ಅಂತ ಅವಳೇ ಲೆಕ್ಕ ಇಡಲಿ.