ಬ್ಯಾಡಗಿ ಲೋಡಿನಲ್ಲಿ ಪಳಗಿದ ಡ್ಯಾಂಪರ್ ಪುಲ್ಲಿ: ಎರಡು ವರ್ಷದ ಬಳಕೆಯ ನಂತರ

ನಮ್ಮದು ಆರು ಸಿಲಿಂಡರಿನ ಹಳೇ ಲಾರಿ. ಸೀಸನ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ, ಉಳಿದ ತಿಂಗಳು ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ ಕಡೆ ಬಾಡಿಗೆ. ಕ್ರ್ಯಾಂಕಿನ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡದ) ಮುಂದಿನ ತುದಿಯ ರಬ್ಬರ್ ಡ್ಯಾಂಪರ್ ಹೊಸದು ಹಾಕಿಸಿ ಎರಡು ವರ್ಷದ ಮೇಲಾಯಿತು. ಗಾಡಿ ಕಂಪನಿಯದೇ ಅಸಲಿ ಮಾಲು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕ್ಯಾಬಿನ್ ನಡುಗುವುದು ನಿಲ್ಲಲಿ ಅಂತ ಇದನ್ನು ತರುವವರು ಸುಮ್ನೆ ದುಡ್ಡು ಉಳಿಸಿಕೊಳ್ಳಿ.

ಗೋಕುಲ ರಸ್ತೆಯ ನಮ್ಮ ಮಿಸ್ತ್ರಿ ಮೊದಲೇ ಹೇಳಿದ್ದರು: "ಮಾಲಕರ, ಕ್ಯಾಬಿನ್ ನಡಗೋದು ಬ್ಯಾರೆ, ಕ್ರ್ಯಾಂಕ್ ತಿರಚೋದು ಬ್ಯಾರೆ." ನಡುಕಕ್ಕೆ ಇಂಜಿನ್ ಕೂರುವ ಮೌಂಟಿಂಗ್ ನೋಡಬೇಕು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ನೋಡಬೇಕು. ಡ್ಯಾಂಪರ್ ಇರುವುದು ತಿರುಚುವಿಕೆಗೆ. ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗಲೆಲ್ಲ ಕ್ರ್ಯಾಂಕ್ ಒದ್ದೆ ಬಟ್ಟೆ ಹಿಂಡಿದಂತೆ ಚೂರು ತಿರುಚಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಆರು ಸಿಲಿಂಡರಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಥ 3 ಏಟು. 1800 ಆರ್‌ಪಿಎಂನಲ್ಲಿ ಸೆಕೆಂಡಿಗೆ 90! ಹಿಂದಿನ ತುದಿಗೆ ಭಾರದ ಚಕ್ರ, ಅಂದರೆ ಫ್ಲೈವೀಲ್ ಇದೆ, ಅಲ್ಲಿ ಆಟ ಕಡಿಮೆ. ಮುಂದಿನ ತುದಿಯದೇ ಜಾಸ್ತಿ. ಈ ಏಟಿನ ಲಯವೋ ಅದರ ದುಪ್ಪಟ್ಟೋ ಕ್ರ್ಯಾಂಕಿನ ಸ್ವಂತ ಲಯಕ್ಕೆ ಕೂಡಿತೆಂದರೆ ತಿರುಚು ಏರುತ್ತಲೇ ಹೋಗುತ್ತದೆ. ಕೊನೆಗೆ ಕ್ರ್ಯಾಂಕೇ ಓರೆಯಾಗಿ ಬಿರುಕು ಬಿಟ್ಟು ತುಂಡಾಗಬಹುದು. ಬ್ಯಾಲೆನ್ಸಿಂಗ್ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ತೂಕ ಸರಿಯಿರುವ ಕ್ರ್ಯಾಂಕೂ ತಿರುಚುತ್ತದೆ.

ಡ್ಯಾಂಪರಿನಲ್ಲಿ ಇರುವುದು ಇಷ್ಟೇ: ನಡುವೆ ಕ್ರ್ಯಾಂಕಿಗೆ ಕೂರುವ ಹಬ್, ಸುತ್ತ ರಬ್ಬರ್, ಅದರ ಹೊರಗೆ ಭಾರದ ಕಬ್ಬಿಣದ ಉಂಗುರ. ಹಬ್ ಅಲುಗಿದಷ್ಟು ಬೇಗ ಉಂಗುರ ಅಲುಗುವುದಿಲ್ಲ. ನಡುವಿನ ರಬ್ಬರ್ ಎಳೆದಾಡಿ ಆ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಹಾಗಾಗಿ ಸವೆಯುವುದೂ ರಬ್ಬರೇ. ನಮ್ಮ ಹಳೆಯದನ್ನು ಬಿಚ್ಚಿದಾಗ ರಬ್ಬರಿನ ಅಂಚು ಬಿರಿದು ಹೊರಗೆ ಉಬ್ಬಿತ್ತು. ಹಬ್ಬಿನ ಗುರುತಿಗೂ ಉಂಗುರದ ಗುರುತಿಗೂ ಬೆರಳಗಲ ಅಂತರ. ಉಂಗುರ ಜಾರಿತ್ತು! ಟೈಮಿಂಗ್ (ಡೀಸೆಲ್ ಯಾವ ಕ್ಷಣಕ್ಕೆ ಸಿಂಪಡಿಸಬೇಕು ಎಂಬುದರ) ಗುರುತು ಉಂಗುರದ ಮೇಲಿರುವ ಇಂಜಿನ್‌ಗಳಲ್ಲಿ ಹೀಗಾದರೆ ಟೈಮಿಂಗ್ ನೋಡುವುದೂ ತಪ್ಪುತ್ತದೆ.

ಹೊಸದಕ್ಕೆ ಮಿಸ್ತ್ರಿ ಹಬ್, ರಬ್ಬರ್, ಉಂಗುರ ಮೂರರ ಮೇಲೂ ಹಾಯುವಂತೆ ಬಿಳಿ ಪೇಂಟಿನ ಗೆರೆ ಎಳೆದುಕೊಟ್ಟರು. ಬೆಲ್ಟ್ ನೋಡುವಾಗ ಟಾರ್ಚ್ ಹಿಡಿದರೆ ಸಾಕು. ಇವತ್ತಿಗೂ ಗೆರೆ ಮುರಿದಿಲ್ಲ, ರಬ್ಬರಿನಲ್ಲಿ ಉಗುರು ಒತ್ತಿದರೆ ಇನ್ನೂ ಪುಟಿಯುತ್ತದೆ. ಜೊತೆಗೆ ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲನ್ನೂ ಬದಲಿಸಿದ್ದೆವು. ಆಯಿಲ್ ಜಿನುಗಿ ತಾಗುತ್ತಿದ್ದರೆ ಡ್ಯಾಂಪರಿನ ರಬ್ಬರ್ ಬೇಗ ಹಾಳಾಗಬಹುದು.

ಅರ್ಧ ಬೆಲೆಗೆ ರಬ್ಬರ್ ಮಾತ್ರ ಹೊಸದಾಗಿ ಕೂರಿಸಿದ್ದು ಒಂದು ಅಂಗಡಿಯಲ್ಲಿ ಸಿಗುತ್ತಿತ್ತು. ತಗೊಳ್ಳಲಿಲ್ಲ. ರಬ್ಬರಿನ ಬಿಗಿ, ಉಂಗುರದ ತೂಕ ಎರಡೂ ಆಯಾ ಕ್ರ್ಯಾಂಕಿಗೆ ಲೆಕ್ಕ ಹಾಕಿ ಇಟ್ಟದ್ದು. ಬೋಲ್ಟ್ ಕೂತಿತು ಎಂದ ಮಾತ್ರಕ್ಕೆ ಬೇರೆ ಮಾಡೆಲಿನದೂ ನಡೆಯುವುದಿಲ್ಲ.

ಗದಗಿನ ಗೆಳೆಯನ ಗಾಡಿಗೆ ಸಿಲಿಕಾನ್ ದ್ರವ ತುಂಬಿದ ಮುಚ್ಚಿದ ಡ್ಯಾಂಪರ್ ಬಂದಿದೆ. ಅದರಲ್ಲಿ ಬಿರಿಯುವ ರಬ್ಬರ್ ಇಲ್ಲ, ಆದರೆ ಒಳಗೇನಾಗಿದೆ ಅಂತ ಹೊರಗಿಂದ ಗೊತ್ತಾಗುವುದೂ ಇಲ್ಲ. ಡಬ್ಬಿಗೂ ಒಳಗಿನ ಉಂಗುರಕ್ಕೂ ನಡುವಿನ ಸಂದು ತೀರಾ ಸಣ್ಣದು. ಸುತ್ತಿಗೆ ಏಟಿಗೆ ಡಬ್ಬಿ ತಗ್ಗಾದರೆ ಉಂಗುರ ಹಿಡಿದುಕೊಳ್ಳುತ್ತದೆ. ಯಾವ ನಮೂನೆಯದಾದರೂ ಬಡಿಯಬೇಡಿ, ಬಿಗಿಯಾಗಿ ಕೂತಿದ್ದರೆ ಪುಲ್ಲರ್ (ಎಳೆದು ಬಿಚ್ಚುವ ಸಲಕರಣೆ) ಹಾಕಿ ಬಿಚ್ಚಿಸಿ.

ನನ್ನ ತಕರಾರು ನಮ್ಮ ಡ್ಯಾಂಪರ್ ಬಂದ ಪ್ಯಾಕಿಂಗ್ ಪೆಟ್ಟಿಗೆಯ ಬಗ್ಗೆ. ಬೋಲ್ಟ್ ಎಷ್ಟು ಬಿಗಿಯಬೇಕು ಎಂಬ ಒಂದು ಚೀಟಿಯೂ ಒಳಗಿರಲಿಲ್ಲ. ಇಷ್ಟು ಬೆಲೆ ತಗೊಂಡು ಅಷ್ಟೂ ಕೊಡಬಾರದೇ? ಅದಕ್ಕೇ 5ರಲ್ಲಿ 4.